ಮೈದನಹಳ್ಳಿಯ ಸುತ್ತಲಿನ ರೈತರಿಗೆ, ಕುರಿಗಾಹಿಗಳಿಗೆ

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿರುವ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶದ ಹೊಣೆ ನನ್ನ ಹೆಗಲೇರಿ ಈ ವಾರಕ್ಕೆ ಒಂದು ವರ್ಷ ತುಂಬಿತು. 2007ರಲ್ಲಿ ಘೋಷಣೆಯಾದ ಈ 798 ಎಕರೆ ಹುಲ್ಲುಗಾವಲನ್ನು ಕಾಯುವುದೆಂದರೆ ಅದರೊಳಗೆ ಗಸ್ತು ತಿರುಗುವುದು ಎಂದುಕೊಂಡು ಬಂದವನು ನಾನು. ಆದರೆ ಜಿಂಕೆಗಳು ನಮ್ಮ ಗಡಿಯನ್ನು ದಾಟಿ ಕಡಲೆಕಾಯಿ, ರಾಗಿ ಹೊಲಗಳಿಗೆ ಇಳಿಯುತ್ತವೆ. ಬೆಳೆ ಕಳೆದುಕೊಂಡೂ ಉರುಳು ಒಡ್ಡದ, ನಾಯಿ ಛೂ ಬಿಡದ ರೈತರಿಂದಲೇ ಅವು ಉಳಿದಿವೆ ಎಂಬುದು ನನಗೆ ಈ ವರ್ಷ ಮನವರಿಕೆಯಾಯಿತು.

ಮುಂಗಾರಿನ ಒಂದು ಬೆಳಿಗ್ಗೆ ಹಿರಿಯ ರೈತರೊಬ್ಬರು ಕಡಲೆಕಾಯಿ ಹೊಲದಲ್ಲಿ ಎಡೆಕುಂಟೆ ಹೊಡೆಯುತ್ತಿದ್ದಾಗ ಸಾಲಿನ ನಡುವೆ ಎಳೆ ಮರಿಯೊಂದು ಮುದುರಿ ಮಲಗಿತ್ತು. ಹುಟ್ಟಿದ ಮೊದಲ ದಿನಗಳಲ್ಲಿ ತಾಯಿ ಮರಿಯನ್ನು ಹೀಗೆ ಮರೆಯಲ್ಲಿ ಬಿಟ್ಟು ದೂರದಲ್ಲಿ ಮೇಯುತ್ತದೆ, ಹಾಲೂಡಿಸಲು ಮರಳುತ್ತದೆ. ಇದನ್ನರಿಯದೆ ಅನಾಥವೆಂದು ಎತ್ತಿ ತಂದ ಮರಿಗಳು ಬದುಕುವುದು ಕಷ್ಟ. ಅವರು ಎತ್ತುಗಳನ್ನು ಬಿಚ್ಚಿ ನನಗೆ ಫೋನ್ ಮಾಡಿ, “ಮುಟ್ಟಿಲ್ಲ ಸ್ವಾಮಿ, ತಾಯಿ ಬದುವಿನಾಚೆ ನಿಂತೈತೆ” ಎಂದರು. ನಾನು ಹೋದಾಗ ಮರಿಯ ಒಂದು ಕಿವಿ ಮಾತ್ರ ನೊಣಕ್ಕೆ ಅಲುಗುತ್ತಿತ್ತು. ಅವರು ಎರಡು ದಿನ ಆ ಸಾಲುಗಳ ಕಡೆ ಸುಳಿಯಲಿಲ್ಲ.

ಬೇಸಿಗೆಯಲ್ಲಿ ಬೆಂಕಿ ರೇಖೆ (ಬೆಂಕಿ ಹರಡದಂತೆ ಒಣಹುಲ್ಲು ಸವರಿದ ಪಟ್ಟಿ) ತೆಗೆಯುವುದು ತಡವಾಯಿತು. ಅದು ನನ್ನದೇ ತಪ್ಪು. ಒಂದು ಸಂಜೆ ಒಣಹುಲ್ಲಿಗೆ ಕಿಡಿ ತಗುಲಿದಾಗ ನಮ್ಮ ಜೀಪು ತಲುಪುವ ಮೊದಲೇ ಹೊಂಗೆ ಕೊಂಬೆ ಹಿಡಿದು ಬೆಂಕಿ ಬಡಿಯುತ್ತಿದ್ದವರು, ಒಳಗೆ ಮೇಯಿಸಬೇಡಿ ಎಂದು ನಾನು ಹಿಂದಿನ ವಾರವಷ್ಟೇ ತಡೆದು ಕಳುಹಿಸಿದ್ದ ಕುರಿಗಾಹಿಗಳು. ಅಂದು ರಾತ್ರಿ ಅವರ ಬೊಬ್ಬೆ ಎದ್ದ ಅಂಗೈಗಳನ್ನು ನೋಡಿ ನನಗೆ ಮಾತು ಹೊರಡಲಿಲ್ಲ. ಅಂದು ಹೇಳಲಾಗದ ಧನ್ಯವಾದವನ್ನು ಇಂದು ಎಲ್ಲರೆದುರು ಹೇಳುತ್ತಿದ್ದೇನೆ.

ಬಿರುಬಿಸಿಲಿನಲ್ಲೂ ತೊಟ್ಟಿಗಳಿಗೆ ನೀರು ತಪ್ಪಿಸದ ಟ್ಯಾಂಕರ್ ಚಾಲಕರಿಗೆ, ನಾಯಿ ಕಚ್ಚಿದ ಜಿಂಕೆಗಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ಚಿಕಿತ್ಸೆ ನೀಡಿದ ಪಶುವೈದ್ಯರಿಗೆ, ದಿನಗೂಲಿಯ ಮೇಲೆ ದುಡಿದ ಬೆಂಕಿ ಕಾವಲುಗಾರರಿಗೆ ನಾನು ಋಣಿ.

ಈ ಸಲ ಬೆಂಕಿ ರೇಖೆ ಸಂಕ್ರಾಂತಿಯೊಳಗೆ ಮುಗಿಯುತ್ತದೆ. ಬೆಳೆಹಾನಿಯ ಪರಿಹಾರ ಇನ್ನೂ ಕೈಸೇರದವರ ಮನೆಗೆ ನಾನೇ ಬರುತ್ತೇನೆ. ಪಹಣಿ, ಬ್ಯಾಂಕ್ ಪುಸ್ತಕ ತೆಗೆದಿಟ್ಟಿರಿ.