ಅರಿಯಾಡ್ನೆಯನ್ನು ಎಲ್ಲಿ ಬಿಟ್ಟಿರಿ?

ಮಾನ್ಯ ಸಂಪಾದಕರೇ,

ನಿಮ್ಮ ಮಕ್ಕಳ ಪುರವಣಿಯಲ್ಲಿ ಗ್ರೀಕ್ ಪುರಾಣದ ಕಥೆಗಳು ಬರುತ್ತಿರುವುದು ಸಂತೋಷ. ಆದರೆ ಕಳೆದ ವಾರದ ಥೀಸಿಯಸ್ ಕಥೆ ಗೂಳಿತಲೆಯ ರಾಕ್ಷಸ ಮಿನೊಟಾರ್ ಸತ್ತಲ್ಲಿಗೇ ಮುಗಿದುಹೋಯಿತು. ಎಲ್ಲರೂ ನಗುನಗುತ್ತಾ ಅಥೆನ್ಸಿಗೆ ಮರಳಿದರಂತೆ! ಆ ರಾಕ್ಷಸನಿದ್ದ ಜಟಿಲ ಸುತ್ತುದಾರಿಯಿಂದ ಹೊರಬರಲು ನೂಲಿನ ಉಂಡೆ ಕೊಟ್ಟು ಥೀಸಿಯಸನ ಜೀವ ಉಳಿಸಿದ ಅರಿಯಾಡ್ನೆಯನ್ನು ಅವನು ನಾಕ್ಸೊಸ್ ದ್ವೀಪದಲ್ಲಿ ಬಿಟ್ಟುಹೋದ ಸುದ್ದಿಯೇ ಇಲ್ಲ. ಗೆದ್ದರೆ ಬಿಳಿ ಹಾಯಿ ಕಟ್ಟುವೆನೆಂದು ಕೊಟ್ಟ ಮಾತು ಮರೆತದ್ದು, ಕಪ್ಪು ಹಾಯಿ ಕಂಡು ಮಗ ಸತ್ತನೆಂದುಕೊಂಡು ತಂದೆ ಈಜಿಯಸ್ ಪ್ರಾಣ ಬಿಟ್ಟದ್ದು, ಅದೂ ಇಲ್ಲ. ಈಜಿಯನ್ ಕಡಲಿಗೆ ಅವನದೇ ಹೆಸರು ಎನ್ನುತ್ತದೆ ಕಥೆ. ಭೂಪಟದ ಮೇಲೆ ಬೆರಳಿಟ್ಟು ಹೇಳಬಹುದಾದ ಕಥೆ ಇದು.

ಮಕ್ಕಳು ನೊಂದುಕೊಳ್ಳುತ್ತಾರೆಂಬ ಭಯವೇ? ನಾನು ಬಹಳ ವರ್ಷ ಇತಿಹಾಸ ಪಾಠ ಮಾಡಿದವಳು. ಕೊನೆಯ ಪೀರಿಯಡ್‌ನಲ್ಲಿ ಟ್ರಾಯ್ ಕಥೆ ಹೇಳುತ್ತಿದ್ದೆ. ಗ್ರೀಕ್ ವೀರ ಅಕಿಲೀಸ್ ಮತ್ತು ಟ್ರಾಯ್ ರಾಜಕುಮಾರ ಹೆಕ್ಟರ್ ಇವರ ಕಾಳಗಕ್ಕೆ ಹುಡುಗರು ಬೆಂಚು ಕುಟ್ಟುತ್ತಿದ್ದರು, ನಿಜ. ಆದರೆ ಮತ್ತೆ ಹೇಳಿ ಎಂದು ದುಂಬಾಲು ಬೀಳುತ್ತಿದ್ದದ್ದು ಆ ಯುದ್ಧದ ಮಹಾಕಾವ್ಯ 'ಇಲಿಯಡ್'ನ ಇನ್ನೊಂದು ಪ್ರಸಂಗಕ್ಕೆ. ಯುದ್ಧಕ್ಕೆ ಹೊರಟ ಹೆಕ್ಟರ್ ಮಗನಿಗೆ ಕೈಚಾಚುತ್ತಾನೆ. ಶಿರಸ್ತ್ರಾಣದ ಮೇಲೆ ಅಲ್ಲಾಡುವ ಕುದುರೆಗೂದಲಿನ ತುರಾಯಿ ಕಂಡು ಕೂಸು ಚೀರಿ ದಾದಿಯನ್ನು ಅವಚಿಕೊಳ್ಳುತ್ತದೆ. ಅಪ್ಪ ಅಮ್ಮ ಇಬ್ಬರಿಗೂ ನಗು. ಹೆಕ್ಟರ್ ಶಿರಸ್ತ್ರಾಣ ಕಳಚಿ ನೆಲಕ್ಕಿಟ್ಟು ಮಗನನ್ನೆತ್ತಿ ಮುದ್ದಾಡುತ್ತಾನೆ. ಅವನು ಸಾಯುತ್ತಾನೆಂದು ಹುಡುಗರಿಗೆ ಗೊತ್ತಿತ್ತು. ಗೊತ್ತಿದ್ದೇ ಕೇಳುತ್ತಿದ್ದರು.

ಎಲ್ಲವನ್ನೂ ಬಿಡಿಸಿ ಹೇಳಿ ಎನ್ನುತ್ತಿಲ್ಲ. ದೇವತೆಗಳ ಒಡೆಯ ಜ್ಯೂಸನ ಪ್ರಣಯಗಳು ಬೇಡವೇ ಬೇಡ. ಸೇರಿಸಿ ಬರೆಯುವುದಕ್ಕೂ ನನ್ನ ತಕರಾರಿಲ್ಲ. ಮುಟ್ಟಿದ್ದೆಲ್ಲ ಚಿನ್ನವಾಗುವ ಮಿಡಾಸನ ಕಥೆಯಲ್ಲಿ ಮಗಳೂ ಚಿನ್ನದ ಬೊಂಬೆಯಾಗುತ್ತಾಳಲ್ಲ, ರೋಮಿನ ಕವಿ ಓವಿಡ್ ಬರೆದದ್ದರಲ್ಲಿ ಆ ಮಗಳೇ ಇಲ್ಲ. ಅವಳನ್ನು ತಂದು ನಿಲ್ಲಿಸಿದವನು ಅಮೆರಿಕದ ಲೇಖಕ ಹಾಥಾರ್ನ್, 1851ರಲ್ಲಿ, ಅದೂ ಮಕ್ಕಳ ಪುಸ್ತಕದಲ್ಲಿ. ಮಕ್ಕಳಿಗೆಂದು ಆತ ಸಂಕಟವನ್ನು ಕಡಿಮೆ ಮಾಡಲಿಲ್ಲ, ಹೆಚ್ಚಿಸಿದ.

ಮುಂದಿನ ವಾರ ಹೆರಾಕ್ಲೀಸ್ ಬರುತ್ತಾನೆಂದು ಪ್ರಕಟಿಸಿದ್ದೀರಿ. ಮತಿಭ್ರಮಣೆಯಲ್ಲಿ ತನ್ನ ಮಕ್ಕಳನ್ನೇ ಕೊಂದ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಅವನು ಆ 12 ಸಾಹಸಗಳಿಗೆ ಕೈಹಾಕಿದವನು. ಅದನ್ನು ಎಳೆಯರಿಗೆ ಹೇಗೆ ಹೇಳಬೇಕೆಂಬುದು ನಿಮ್ಮ ಲೇಖಕರ ಕಸುಬು. ಹೇಳದೆ ಬಿಟ್ಟರೆ ಮಾತ್ರ ಉಳಿಯುವುದು ಬರೀ ಬೇಟೆಯ ಪಟ್ಟಿ. ಹಾಗೆಯೇ, ಅವನು ಕಾಡುಹಂದಿಯನ್ನು ಜೀವಂತ ಹೊತ್ತು ತಂದಾಗ ಅಪ್ಪಣೆ ಕೊಟ್ಟಿದ್ದ ಯೂರಿಸ್ಥಿಯಸ್ ದೊರೆಯೇ ಹೆದರಿ ಗುಡಾಣದೊಳಗೆ ಅವಿತು ಕೂತದ್ದನ್ನು ದಯವಿಟ್ಟು ಬಿಡಬೇಡಿ. ಸಾಧ್ಯವಾದರೆ ಚಿತ್ರವನ್ನೂ ಹಾಕಿಸಿ.

— ನಿವೃತ್ತ ಶಿಕ್ಷಕಿ