ಜೀವಂತ ಗೋದಲಿ ಉಳಿಯಲಿ

ಮಾನ್ಯ ಸಂಪಾದಕರೇ,

ಬೆಟಗೇರಿಯ ನಮ್ಮ ಓಣಿಯ ಚರ್ಚಿನ ಅಂಗಳದಲ್ಲಿ ಪ್ರತಿವರ್ಷ ಡಿಸೆಂಬರ್ 24ರ ಸಂಜೆ ನಡೆಯುವ ಜೀವಂತ ಗೋದಲಿಯನ್ನು, ಅಂದರೆ ಯೇಸು ಹುಟ್ಟಿದ ಸನ್ನಿವೇಶವನ್ನು ಬೊಂಬೆಗಳ ಬದಲು ಜನರೂ ಪ್ರಾಣಿಗಳೂ ನಿಂತು ತೋರಿಸುವ ದೃಶ್ಯವನ್ನು, ನೋಡಲು ಎಲ್ಲ ಮತದವರೂ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸರು ಹುಲ್ಲು ತುಂಬಿದ ಗೋದಲಿಯ ಬಳಿ ನಿಜವಾದ ಎತ್ತು, ಕತ್ತೆಗಳನ್ನು ನಿಲ್ಲಿಸಿ ಕ್ರಿಸ್ತಜನನವನ್ನು ಸ್ಮರಿಸಿದ್ದರಿಂದ ಬೆಳೆದುಬಂದ ಈ ಪದ್ಧತಿ ಇಲ್ಲಿ ಪೂರಾ ನಮ್ಮದೇ ಆಗಿದೆ. ಗೋದಲಿ ಎಂಬ ಮಾತೇ ನಮ್ಮ ದನದ ಕೊಟ್ಟಿಗೆಯದು. ಅದರಲ್ಲಿ ಹಾಸುವುದು ಜೋಳದ ಕಣಕಿ, ಕುರುಬರಾಗಿ ನಿಲ್ಲುವ ಹುಡುಗರು ಹೊದೆಯುವುದು ನೆರೆಮನೆಯ ಹಿರಿಯರು ಕೊಟ್ಟ ಕರಿಕಂಬಳಿ. ಕಳೆದ ವರ್ಷ ಆಡೊಂದು ಮರಿಯಮ್ಮನ ಪಾತ್ರದ ಹುಡುಗಿಯ ಸೆರಗನ್ನೇ ಜಗಿಯತೊಡಗಿದಾಗ, ಆಕೆ ಕೂಸನ್ನು ಎದೆಗವಚಿಕೊಂಡು ಅಲುಗದೆ ಕುಳಿತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಈಚೆಗೆ ಖರ್ಚು ಮತ್ತು ಜನದಟ್ಟಣೆಯ ಕಾರಣ ಹೇಳಿ, ಬೊಂಬೆಗಳನ್ನಿಟ್ಟರೆ ಸಾಕೆಂಬ ಮಾತು ಕೇಳಿಬರುತ್ತಿದೆ. ಇದನ್ನು ಒಪ್ಪಲಾಗದು. ಖರ್ಚನ್ನು ಓಣಿಯವರೆಲ್ಲ ಹಂಚಿಕೊಳ್ಳಬಹುದು. ಪ್ರಾಣಿಗಳು ದಣಿಯದಂತೆ ಮೇವು, ನೀರು ಒದಗಿಸಿ ಎರಡು ತಾಸಿನಲ್ಲಿ ಮುಗಿಸಬಹುದು. ಆ ಹೊತ್ತಿನಲ್ಲಿ ವಾಹನಗಳನ್ನು ಬೇರೆ ದಾರಿಗೆ ತಿರುಗಿಸಿ, ಚರ್ಚಿನ ಮುಂದಿನ ಬೀದಿದೀಪಗಳನ್ನು ಹಬ್ಬದೊಳಗೆ ಸರಿಪಡಿಸಿಕೊಡಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

– ಓಣಿಯ ನಿವಾಸಿ, ಬೆಟಗೇರಿ, ಗದಗ