ಹುಡುಕಿದ ಕಾಡಿನ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ಪಶ್ಚಿಮ ಘಟ್ಟದ ಕಾಡಿನಲ್ಲಿ ಚಾರಣಿಗರೋ, ಸೌದೆಗೆ ಹೋದ ವೃದ್ಧರೋ ಕಾಣೆಯಾದಾಗ ಪೊಲೀಸರು, ಅರಣ್ಯ ಮತ್ತು ಅಗ್ನಿಶಾಮಕ ಸಿಬ್ಬಂದಿಯ ಜೊತೆಗೆ ಊರಿನ ಯುವಕರೂ ಮಳೆ, ಇಂಬಳ ಲೆಕ್ಕಿಸದೆ ಕಾಡಿಗಿಳಿಯುತ್ತಾರೆ. ಆ ಶ್ರಮಕ್ಕೆ ಎಷ್ಟು ಕೃತಜ್ಞರಾದರೂ ಸಾಲದು. ಆದರೆ ‘ಆ ಭಾಗವನ್ನು ಪೂರ್ತಿ ಜಾಲಾಡಿದ್ದೇವೆ’ ಎಂಬ ಒಂದೇ ಮಾತಿನ ಮೇಲೆ ಅಷ್ಟು ಕಾಡನ್ನು ಕೈಬಿಡುವುದು ಅಪಾಯಕಾರಿ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಗಾಗಿ ಬರ್ನಾರ್ಡ್ ಕೂಪ್‌ಮನ್ ಮತ್ತು ಸಂಗಡಿಗರು ರೂಪಿಸಿದ ಶೋಧ ಗಣಿತವನ್ನು ಇಂದು ಹಲವು ದೇಶಗಳ ನೆಲದ ಶೋಧ ತಂಡಗಳೂ ಬಳಸುತ್ತವೆ. ಕಾಣೆಯಾದವರು ಒಂದು ಭಾಗದಲ್ಲಿ ಇರುವ ಸಂಭವ ಎಷ್ಟು, ಅಲ್ಲಿದ್ದರೆ ತಂಡದ ಕಣ್ಣಿಗೆ ಬೀಳುವ ಸಂಭವ ಎಷ್ಟು ಎಂಬುದನ್ನು ಅವು ಬೇರೆಬೇರೆಯಾಗಿ ಅಂದಾಜಿಸುತ್ತವೆ. ಕಣ್ಣಿಗೆ ಬೀಳುವ ಸಂಭವ ಶೇ 50 ಇರುವಂತೆ, ಅಂತರವಿಟ್ಟು ಅಕ್ಕಪಕ್ಕ ನಡೆಯುವ ಶೋಧಕರ ಒಂದು ಸಾಲು ಹಾದುಹೋದರೆ ತಪ್ಪಿಹೋಗುವ ಸಂಭವವೂ ಅಷ್ಟೇ ಇರುತ್ತದೆ. ಅಂಥದೇ ಇನ್ನೊಂದು ಸಾಲು ಹಾದರೂ ಶೇ 25 ಉಳಿಯುತ್ತದೆ. ಕುದುರೆಮುಖದ ಹುಲ್ಲುಗಾವಲಿನಲ್ಲಿ ದೂರದೂರ ನಿಂತು ನಡೆದರೂ ಮನುಷ್ಯ ಕಂಡಾನು. ಅದೇ ಅಂತರದಲ್ಲಿ ಪಕ್ಕದ ಶೋಲಾ ಎಂಬ ದಟ್ಟ ಕಾಡಿನೊಳಗೆ ನಡೆದರೆ, ಮರದ ದಿಮ್ಮಿಯ ಹಿಂದೆ ಪ್ರಜ್ಞೆ ತಪ್ಪಿ ಬಿದ್ದವರು ಕಾಣದೇ ಹೋಗಬಹುದು.

ಮೊದಲ ಗಂಟೆಗಳಲ್ಲಿ ನೂರಾರು ಜನ ಒಮ್ಮೆಲೇ ನುಗ್ಗಿದರೆ ಹೆಜ್ಜೆಗುರುತು ಅಳಿಯುತ್ತದೆ, ಶ್ವಾನದಳಕ್ಕೂ ವಾಸನೆ ಸಿಗುವುದು ಕಷ್ಟವಾಗುತ್ತದೆ. ಆಗ ಕೊನೆಯ ಬಾರಿ ಕಂಡ ಜಾಗದಿಂದ ಕಾಲುದಾರಿ, ಹಳ್ಳಗಳ ಗುಂಟ ಹೋಗಲು ಚಿಕ್ಕ, ಚುರುಕಾದ ತಂಡಗಳೇ ಸರಿ. ಸಾಲುಗಟ್ಟಿ ಹುಡುಕುವ ಸರದಿ ಬಂದಾಗ ಒಂದು ತುದಿಯವರು ಹಳ್ಳವನ್ನೋ ದಾರಿಯನ್ನೋ ಹಿಡಿದು ನಡೆಯಬೇಕು. ಇನ್ನೊಂದು ತುದಿಯವರು ಗಿಡಗಳಿಗೆ ಬಣ್ಣದ ಪಟ್ಟಿ ಕಟ್ಟುತ್ತ ಸಾಗಿದರೆ ಮುಂದಿನ ಸಾಲು ಅದಕ್ಕೆ ಹೊಂದಿಕೊಂಡೇ ಬರಬಹುದು. ಆಗಾಗ ಸಾಲು ನಿಲ್ಲಿಸಿ, ಶಿಳ್ಳೆ ಹಾಕಿ, ಎಲ್ಲರೂ ಸದ್ದಡಗಿಸಿ ಕಿವಿಗೊಡಬೇಕು. ಹೋಗುವಾಗ ಪೊದೆ ಮರೆಮಾಡಿದ್ದು ಹಿಂತಿರುಗಿ ನೋಡಿದಾಗ ಕಾಣುವುದುಂಟು.

ಪ್ರತಿ ತಂಡ ನಡೆದ ಜಾಡು, ಇಟ್ಟುಕೊಂಡ ಅಂತರ, ಹೊತ್ತು, ಕಾಡಿನ ದಟ್ಟಣೆ ಇವು ಅಂದಂದೇ ಒಂದೇ ನಕ್ಷೆಗೆ ಸೇರಬೇಕು. ಜಾಡು ದಾಖಲಿಸಲು ಮೊಬೈಲ್‌ನ ಜಿಪಿಎಸ್ ಸಾಕು, ದೊಡ್ಡ ಖರ್ಚಿಲ್ಲ. ಕಾಡಂಚಿನಲ್ಲಿ ಕಾದು ನಿಂತ ಮನೆಯವರಿಗೂ ಆ ನಕ್ಷೆ ನೋಡುವ ಹಕ್ಕಿದೆ. ಘಟ್ಟದ ಜಿಲ್ಲೆಗಳ ವಿಪತ್ತು ನಿರ್ವಹಣಾ ಪ್ರಾಧಿಕಾರಗಳು ಮಳೆಗಾಲಕ್ಕೆ ಮುನ್ನವೇ ಅರಣ್ಯ ರಕ್ಷಕರಿಗೆ ಮತ್ತು ಕಾಡು ಬಲ್ಲ ಸ್ಥಳೀಯರಿಗೆ ಈ ತರಬೇತಿ ನೀಡಬೇಕೆಂದು ವಿನಂತಿಸುತ್ತೇನೆ.

— ಓದುಗ, ಚಿಕ್ಕಮಗಳೂರು